ಮಾವನ ಟಪಾಲು ಚೀಲ ನನ್ನ ಹೆಗಲಿಗೆ ಬಂದ ಮಳೆಗಾಲ

ನನ್ನ ತವರು ಜಗಳೂರು ಕಡೆ. ಕೆರೆ ತುಂಬಿತೆಂದರೆ ಊರಿಗೆ ಊರೇ ಹೋಗಿ ನೀರು ನೋಡಿ ಬರುವ ಸೀಮೆ. ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದದ್ದು ತುಂಗಭದ್ರೆಯಿಂದ ಎರಡು ಮೈಲಿ ಒಳಗಿದ್ದ ಹಳ್ಳಿಗೆ. ಅಲ್ಲಿಗೆ ಆಗ ರಸ್ತೆ ಇರಲಿಲ್ಲ. ಹೊನ್ನಾಳಿಯಿಂದ ಬಸ್ಸಿನಲ್ಲಿ ಬಂದ ಟಪಾಲು ಚೀಲವನ್ನು ಹೊಳೆಯಾಚೆಯ ಗೋವಿನಕೋವಿಯಲ್ಲಿ ಇಳಿಸಿಕೊಂಡು, ಹರಿಗೋಲಿನಲ್ಲಿ ದಾಟಿಸಿ, ಗದ್ದೆಯ ಬದುವಿನ ಮೇಲೆ ನಡೆದು ಊರಿಗೆ ತರುವುದು ನನ್ನ ಮಾವನ ಕೆಲಸ.

ಮದುವೆಯಾದ ಎರಡನೇ ಮಳೆಗಾಲದಲ್ಲಿ ಮಾವ ಅದೇ ಬದುವಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಬದಲಿಗೆ ಮನೆಯಿಂದ ಯಾರನ್ನಾದರೂ ಕಳಿಸಬೇಕಿತ್ತು. ನನ್ನ ಗಂಡ ನಾಟಿ ಕೆಲಸದಲ್ಲಿ ಮುಳುಗಿದ್ದರು. ಮಾವ ನನ್ನ ಮುಖ ನೋಡಿದರು.

"ಏಳನೇ ಕ್ಲಾಸು ಓದೀಯಲ್ಲವ್ವಾ, ನೀನೇ ಹೋಗ್ಬರ್ತೀಯಾ?"

"ಹೋಗಾಕೇನು ಮಾವ, ಮಧ್ಯದಾಗೆ ಹೊಳೆ ಐತಲ್ಲ!"

ಅತ್ತೆ ನಕ್ಕುಬಿಟ್ಟರು. "ಹೊಳೆ ಇಷ್ಟು ವರ್ಷ ನಿಮ್ಮಾವನ್ನೇ ಬಿಟ್ಟೈತೆ, ನಿನ್ನೇನು ಮಾಡ್ತೈತೆ ಹೋಗು."

ಮೊದಲ ದಿನ ಹರಿಗೋಲಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತೆ. ಕೊನೆಗೆ ಅಂಬಿಗ, "ಅಕ್ಕಾರೆ, ದಡ ಬಂದು ಆಗ್ಲೇ ಹೊತ್ತಾತು, ಇಳೀರಿ" ಅಂದ. ಹದಿನೈದು ದಿನ ಕಳೆಯುವಷ್ಟರಲ್ಲಿ ಸೆರಗು ಸಿಕ್ಕಿಸಿ, ಚಪ್ಪಲಿ ಕೈಲಿ ಹಿಡಿದು, ನೀರಿನ ಬಣ್ಣ ನೋಡಿಯೇ ಸೆಳವು ಎಷ್ಟಿದೆಯೆಂದು ಹೇಳುತ್ತಿದ್ದೆ. ದಾರಿಯುದ್ದಕ್ಕೂ ಕಳೆ ಕೀಳುವವರು ತಲೆಯೆತ್ತಿ, "ನಮ್ದೇನಾರ ಬಂದೈತಾ?" ಎನ್ನುವರು. ಅರಗಿನ ಮುದ್ರೆ ಒತ್ತಿದ ಚೀಲದೊಳಗೆ ಏನಿದೆಯೋ ನನಗೂ ಗೊತ್ತಿರುತ್ತಿರಲಿಲ್ಲ. ಆದರೂ ಅವರು ಹಾಗೆ ಕೇಳಿದಾಗ ನನಗೆ ಒಳಗೊಳಗೇ ಹಿಗ್ಗು.

ಊರಿನ ಶಾಲೆಯ ಮೇಷ್ಟ್ರೇ ಅಂಚೆಯನ್ನೂ ನೋಡಿಕೊಳ್ಳುತ್ತಿದ್ದರು. ಒಂದು ದಿನ ಅವರು ಚೀಲ ಬಿಚ್ಚಿ ಒಂದು ಕಾರ್ಡು ಎತ್ತಿ, "ಇದು ನಿಂದೇ ಕಣಮ್ಮ" ಎಂದರು. ಕಾರ್ಡಿನಲ್ಲಿ ಅಪ್ಪನ ದಪ್ಪ ಅಕ್ಷರ. 'ನಿನ್ನ ಕೈಲಿ ಹೊರೆ ಹೊರಿಸುತ್ತಾರೆಂದು ಕೇಳಿದೆ. ಸೋಮವಾರ ಬರುತ್ತೇನೆ. ಬಟ್ಟೆ ಕಟ್ಟಿಕೊಂಡಿರು.'

"ಸೋಮವಾರ ಇವತ್ತೇ ಅಲ್ಲೇನಮ್ಮ?" ಎಂದರು ಮೇಷ್ಟ್ರು.

ಬಂದ ದಾರಿಯಲ್ಲೇ ವಾಪಸು ಓಡಿದೆ. ಆಮೇಲಿನ ಬಸ್ಸಿಗೆ ಬಂದಿದ್ದ ಅಪ್ಪ ಹೊಳೆಯಾಚೆ ಕೊಡೆ ಹಿಡಿದು ನಿಂತಿದ್ದರು. ಹರಿಗೋಲು ಹತ್ತದೆ ಅಂಬಿಗನ ಮೇಲೆ ರೇಗುತ್ತಿದ್ದರು. ಈಚೆ ದಡದಿಂದ ನಾನು ಕೂಗಿದ್ದು ಕೇಳಿ ಅಂಬಿಗ ಬಂದು ನನ್ನನ್ನು ಕರೆದೊಯ್ದ.

"ಹೊರೆ ಹೊರಾಕೆ ಕೊಟ್ನೇನು ನಿನ್ನ ಇವರಿಗೆ?" ಎಂದರು ಅಪ್ಪ.

"ಹೊರೆ ಅಲ್ಲಪ್ಪಾ, ಟಪಾಲು. ನೀನು ಬರೆದ ಕಾರ್ಡೂ ನಾನೇ ತಂದೆ."

"ನನ್ನ ಕಾರ್ಡು? ನೀನೇ ತಂದ್ಯಾ?" ಅಪ್ಪ ಕೊಡೆ ಮಡಚಿದರು. ಆಮೇಲೆ ದುಂಡಗಿನ ಹರಿಗೋಲನ್ನು ಸುತ್ತ ನೋಡಿ, "ಇದಕ್ಕೆ ಮುಂದ್ಯಾವುದು, ಹಿಂದ್ಯಾವುದು?" ಎಂದು ಕೇಳಿದರು. ನಾನೂ ಅಂಬಿಗನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ನನ್ನ ತೋಳು ಗಟ್ಟಿಯಾಗಿ ಹಿಡಿದು ಕುಳಿತರು. ಅಪ್ಪ ನನ್ನನ್ನು ಆಸರೆಗೆ ಹಿಡಿದದ್ದು ಅದೇ ಮೊದಲು.

ಬದುವಿನ ಮೇಲೆ ಹೋಗುವಾಗ ಒಬ್ಬ ಅಜ್ಜಿ ನಮ್ಮನ್ನು ತಡೆದು ಮಜ್ಜಿಗೆ ಕೊಟ್ಟಳು. "ನಿಮ್ಮ ಮಗಳೇನ್ರೀ? ನನ್ನ ಮೊಮ್ಮಗ ಮಿಲಿಟ್ರಿಯಿಂದ ಬರೆದ ಕಾಗದ ಮಳೇನಾಗೆ ಒಂದು ಹನಿ ಬೀಳದಂಗೆ ಊರಿಗೆ ತಂದ್ಲು." ಅಪ್ಪ ಮಜ್ಜಿಗೆ ಕುಡಿದು ಮುಗಿಸಿದರೂ ಲೋಟ ಹಿಡಿದೇ ನಿಂತಿದ್ದರು.

ಮನೆಯಲ್ಲಿ ಮಾವ ಗೋಡೆ ಹಿಡಿದು ಏಳಲು ಹವಣಿಸಿದರು. "ತಪ್ಪಾಗೈತೆ ಬೀಗರೆ. ಮಗಳ್ನ ಕರ್ಕೊಂಡು ಹೋಗ್ತೀನಿ ಅಂದ್ರೆ ಬ್ಯಾಡ ಅನ್ನಾಕಿಲ್ಲ."

"ಕುಂತ್ಕಳ್ರಿ, ಕುಂತ್ಕಳ್ರಿ," ಎಂದರು ಅಪ್ಪ. "ಇವಳ್ನ ಕರ್ಕೊಂಡು ಹೋದ್ರೆ ನಿಮ್ಮೂರಿಗೆ ಕಾಗದ ಯಾರು ತರ್ತಾರೆ?"

ಒಂದು ದಿನಕ್ಕೆಂದು ಬಂದ ಅಪ್ಪ ನಾಲ್ಕು ದಿನ ಉಳಿದರು. ದಿನಾ ನನ್ನ ಜೊತೆ ಹೊಳೆ ದಾಟಿ, ಬಸ್ಸು ಬರುವವರೆಗೆ ಗೋವಿನಕೋವಿಯಲ್ಲಿ ಚಹಾ ಕುಡಿಯುತ್ತಾ ಅಪರಿಚಿತರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು.

ದೀಪಾವಳಿ ಹೊತ್ತಿಗೆ ಮಾವ ಮೊದಲಿನಂತೆ ನಡೆದಾಡತೊಡಗಿ ಚೀಲ ತೆಗೆದುಕೊಂಡರು. ನನಗೆ ಮನೆಯಲ್ಲಿ ಹೊತ್ತೇ ಹೋಗಲಿಲ್ಲ. ಮೂರನೇ ದಿನ ಬಾಯಿಬಿಟ್ಟು ಕೇಳಿದೆ: "ಮಾವ, ವಾರದಾಗೆ ಎರಡು ದಿನ ನಾನು ಹೋಗ್ಲಾ?"

"ಮೂರು ದಿನ ಹೋಗವ್ವಾ," ಎಂದರು ಮಾವ. "ನನಗೂ ವಯಸ್ಸಾತು."