ಹಿಲ್ಡಾ ಅವರ ಮನೆ ನೋಡಿ ಬಂದದ್ದು

ಲಂಡನ್ನಿನ ಅಂಚಿನ ಸಟನ್ ಸ್ಟೇಷನ್ನಿನಿಂದ ಹೊರಟಾಗ ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ಅದಕ್ಕೂ ಮೊದಲು ಹೊರಟರೆ ಟಿಕೆಟ್ ದುಬಾರಿ. ಮಾರ್ಚ್ ತಿಂಗಳ ಜಿಟಿಜಿಟಿ ಮಳೆ, ಆರು ಡಿಗ್ರಿ ಚಳಿ. ನನ್ನ ಜೊತೆಗೆ ಪಕ್ಕದ ಮನೆಯ ಜೋನ್, ವಯಸ್ಸು ಎಂಬತ್ತಾರು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ನನ್ನ ತೋಳಿನ ಮೇಲೆ. ನನ್ನ ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ, ಜೋನ್ ಅವರ ವಾರದ ಗುಳಿಗೆಗಳ ಡಬ್ಬಿ. ತಲೆಯಲ್ಲಿ ಮಾತ್ರ ಬರೀ ಸಂಶಯ.

ನಮ್ಮ ಮನೆಯಲ್ಲಿ ಅವರು ಜೋನ್ ಆಯಿ. ಧಾರವಾಡದ ನಮ್ಮ ಮನೆತನದಲ್ಲಿ ಅಜ್ಜಿಯನ್ನು ಆಯಿ ಎನ್ನುವುದು ರೂಢಿ. ಹದಿನೇಳು ವರ್ಷದ ಹಿಂದೆ ನಾನು ಇಲ್ಲಿಯ ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ಕೆಲಸಕ್ಕೆ ಸೇರಿದಾಗ, ಮಗಳು ಶ್ರೇಯಾಳನ್ನು ಶಾಲೆಯಿಂದ ಕರೆತಂದು ನಾನು ಬರುವವರೆಗೆ ಕಾದವರು ಅವರೇ. ಅವರಿಗೆ ಮಕ್ಕಳಿಲ್ಲ, ಗಂಡ ತೀರಿ ಬಹಳ ಕಾಲವಾಯಿತು. ಹೋದ ಚಳಿಗಾಲದಲ್ಲಿ ಬಿದ್ದು ಸೊಂಟದ ಆಪರೇಷನ್ ಆದಮೇಲೆ ಸ್ವಂತ ಮನೆಯ ಮೆಟ್ಟಿಲು ಹತ್ತುವುದೇ ಅವರಿಗೆ ಆಗುತ್ತಿಲ್ಲ.

ಹೀಗಿರುವಾಗ ಒಂದು ಪತ್ರ ಬಂತು. ಬರೆದವರು ಹಿಲ್ಡಾ. ಎರಡನೇ ಮಹಾಯುದ್ಧ ಮುಗಿಯುವ ಮುಂಚಿನ ಬೇಸಿಗೆಯಲ್ಲಿ ಸಟನ್ ಮೇಲೆ ಹಾರುವ ಬಾಂಬುಗಳು ಬೀಳುತ್ತಿದ್ದಾಗ ಊರಿನ ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿದ್ದರಂತೆ. ಐದು ವರ್ಷದ ಜೋನ್ ಆಯಿಯನ್ನು ಇಟ್ಟುಕೊಂಡ ಮನೆಯ ಮಗಳು ಈ ಹಿಲ್ಡಾ. ಮೂವತ್ತು ವರ್ಷದಿಂದ ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ಭೇಟಿಯಿಲ್ಲ, ಮಾತಿಲ್ಲ. ಈ ಸಲದ ಕಾರ್ಡಿನಲ್ಲಿ ಆಯಿ ತಾವು ಬಿದ್ದ ಸುದ್ದಿಯನ್ನೂ ನನ್ನ ವಿಷಯವನ್ನೂ ಬರೆದಿದ್ದರು. ಈಗ ಒಮ್ಮೆಲೇ, "ಕೆಳಗಿನ ಕೋಣೆ ಖಾಲಿ ಇದೆ, ಬಂದು ನನ್ನ ಜೊತೆಯೇ ಇರು. ಮೊದಲು ಒಂದು ದಿನ ಊಟಕ್ಕೆ ಬಾ. ಆ ಇಂಡಿಯನ್ ಹೆಂಗಸನ್ನೂ ಕರೆದುಕೊಂಡು ಬಾ" ಎಂದು ಬರೆದಿದ್ದರು. ಸಟನ್‌ನಲ್ಲಿ ಆಯಿಯದರಂಥ ಮೂರು ಬೆಡ್‌ರೂಮಿನ ಮನೆಗೆ ಏನು ಬೆಲೆ ಎಂದು ಎಲ್ಲರಿಗೂ ಗೊತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ.

"ಊಟಕ್ಕ ಕರದಾರ, ಉಂಡು ಬಾ. ಸಿಐಡಿ ಕೆಲಸ ಬ್ಯಾಡ" ಎಂದರು ನಮ್ಮ ಯಜಮಾನರು. ಯೂನಿವರ್ಸಿಟಿಯಿಂದ ಶ್ರೇಯಾ ಫೋನ್ ಮಾಡಿ, "ಅಮ್ಮ, ಲೆಟ್ ಹರ್ ಡಿಸೈಡ್, ಓಕೆ?" ಎಂದಳು. ಇಬ್ಬರಿಗೂ ಹೂಂ ಅಂದೆ.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿಗೆ ನೇರ ರೈಲಿದೆ, ಆದರೆ ಅದು ಎಲ್ಲ ಸ್ಟೇಷನ್ನಿಗೂ ನಿಂತು ನಿಂತು ಒಂದು ತಾಸಿನ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ನಾನು ಮೆಲ್ಲಗೆ ಕೆದಕಿದೆ. ಏನಾದರೂ ಕಾಗದಕ್ಕೆ ಸಹಿ ಕೇಳಿದ್ದಾರೆಯೇ? ಇಲ್ಲ. ಪತ್ರ ಬಂದಮೇಲೆ ಮಾಡಿದ ಫೋನಿನಲ್ಲಿ ಮನೆಯ ವಿಚಾರ ಬಂತೇ? ಇಲ್ಲ. ಆಯಿ ಕಿಟಕಿಯ ಹೊರಗೆ ನೋಡುತ್ತ ಬೇರೆಯೇ ಮಾತು ತೆಗೆದರು. ಅವರ ಇಂಗ್ಲಿಷ್ ನನ್ನ ಧಾರವಾಡದ ಕಿವಿಗೆ ಹೇಗೆ ಕೇಳಿತೋ ಹಾಗೆಯೇ ಬರೆಯುತ್ತೇನೆ.

"ಇದ ಸ್ಟೇಷನ್ನಿಂದನ ಕಳಿಸಿದ್ರು. ಕೋಟಿಗೆ ಹೆಸರಿನ ಚೀಟಿ ಕಟ್ಟಿ. ಅಲ್ಲೆ ಹಳ್ಳಿ ಸಭಾದ ಹಾಲ್‌ನಾಗ ನಮ್ಮನ್ನ ಸಾಲಾಗಿ ನಿಲ್ಲಿಸಿದ್ರು. ಮಂದಿ ಬಂದು ಆರಿಸ್ಕೊಂಡು ಹೋದ್ರು."

"ಸಂತ್ಯಾಗ ಕುರಿ ಆರಿಸಿದಂಗ?"

"ಹಂಗ. ಎಲ್ಲಾರೂ ಹೋದ್ರು. ಕಡೀಕ ಉಳದಾಕಿ ನಾ ಒಬ್ಬಾಕಿನ. ಯಾರಿಗೂ ಬ್ಯಾಡಾಗಿದ್ದೆ. ಆಮ್ಯಾಲೆ ಹಿಲ್ಡಾನ ಅವ್ವ ಕೈ ಹಿಡದ್ಲು."

ಇದನ್ನು ಅವರು ಬೇಸರವಿಲ್ಲದೆ ಹೇಳಿದರು. ಎಂಬತ್ತು ವರ್ಷದಿಂದ ಹಾಗೆಯೇ ತಿಳಿದುಕೊಂಡಿದ್ದಾರೆ. ಕೇಳಿ ನನಗೆ ಒಂದು ಯೋಚನೆ ಬಂತು: ತಾನು ಬೇಡವಾದವಳೆಂದು ತಿಳಿದವರನ್ನು ಯಾರು ಬೇಕಾದರೂ ಕರೆಯಬಹುದು, ಅವರು ಹೋಗಿಬಿಡುತ್ತಾರೆ.

ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಲಿಫ್ಟ್ ಹುಡುಕಿ ಮೇಲೆ ಹೋಗಿ ಉತ್ತರಕ್ಕೆ ಕೆಟರಿಂಗ್ ಊರಿಗೆ ಹೋಗುವ ರೈಲು ಹತ್ತಿದೆವು. ಹಿರಿಯರ ರಿಯಾಯಿತಿ ಕಾರ್ಡಿನಿಂದ ಆಯಿಯ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯಿತು. ಒಂದು ತಾಸಿನ ಪ್ರಯಾಣ. ಚಪಾತಿ ಬಿಚ್ಚಿದಾಗ ಆಯಿ ಚಟ್ನಿಯನ್ನು ನನಗಿಂತ ಹೆಚ್ಚು ಹಚ್ಚಿಕೊಂಡರು. ಕೆಟರಿಂಗ್‌ನಿಂದ ಹಿಲ್ಡಾ ಅವರ ಹಳ್ಳಿಗೆ ಟ್ಯಾಕ್ಸಿಯಲ್ಲಿ ಕಾಲು ಗಂಟೆ. ಒದ್ದೆ ಹೊಲ, ಕುರಿಗಳು, ತುಕ್ಕಿನ ಬಣ್ಣದ ಕಲ್ಲಿನ ಮನೆಗಳು. ಅಂಗಡಿ ಒಂದೇ, ಬಸ್ಸು ದಿನಕ್ಕೆ ಮೂರು ಸಲ ಎಂದು ಡ್ರೈವರ್ ಹೇಳಿದ. ಅದನ್ನೂ ಮನಸ್ಸಿನಲ್ಲಿ ಬರೆದುಕೊಂಡೆ.

ಬಾಗಿಲು ತೆಗೆದ ಹಿಲ್ಡಾ ಎತ್ತರದ ಹೆಂಗಸು. ಎಂಬತ್ತೆಂಟಾದರೂ ಬೆನ್ನು ಬಾಗಿಲ್ಲ. ಆಯಿಯನ್ನು ತಬ್ಬಿಕೊಂಡು, ಅವರ ಭುಜದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನೂ ನೋಡಿದೆ.

ಊಟಕ್ಕೆ ಚೀಸ್ ಮತ್ತು ಉಳ್ಳಾಗಡ್ಡಿಯ ಪೈ, ಬೇಯಿಸಿದ ಆಲೂಗಡ್ಡೆ, ಬಟಾಣಿ. ನಾನು ಮಾಂಸ ತಿನ್ನುವುದಿಲ್ಲವೆಂದು ಆಯಿಯನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದರಂತೆ. ಇಷ್ಟು ಉಪಚಾರ ಯಾಕೋ ಎಂದುಕೊಂಡು ಎರಡು ಸಲ ಬಡಿಸಿಕೊಂಡೆ.

ಊಟವಾಗಿ ಆಯಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುತ್ತಾರಲ್ಲ, ಹಾಗೆ ಹೋದಾಗಲೆಲ್ಲ ನಮ್ಮ ದೊಡ್ಡಮ್ಮ ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ನುಗ್ಗಿ ಹಿಟ್ಟಿನ ಡಬ್ಬಿ ತೆಗೆದು ನೋಡುತ್ತಿದ್ದರು. ನಾನೂ ಕೆಳಗಿನ ಕೋಣೆಗೆ ಹೋಗಿ ಹಾಸಿಗೆ ಒತ್ತಿ ನೋಡಿದೆ, ಹೀಟರ್ ಮುಟ್ಟಿದೆ. ಬಾತ್‌ರೂಮಿನ ಗೋಡೆಗೆ ಹಿಡಿದುಕೊಳ್ಳುವ ಹೊಸ ಕಂಬಿ ಇತ್ತು. ಜಗ್ಗಿ ನೋಡಿದೆ, ಗಟ್ಟಿಯಾಗಿತ್ತು. ಕೊನೆಗೆ ಅಡಿಗೆಮನೆಯ ಫ್ರಿಜ್ ತೆಗೆದಾಗ ಹಿಂದಿನಿಂದ ದನಿ ಬಂತು.

"ಏನ್ ಹುಡಕ್ಲಿಕ್ಕತ್ತೀರಿ?"

"ನೀರು."

"ನಳ ಆ ಕಡೆ ಅದ." ಹಿಲ್ಡಾ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಎದುರಿಗೆ ಕೂತರು. "ಆಕಿ ಮನಿ ಕೀಲಿ ನಿಮ್ಮ ಕಡೆ ಅದ, ಹೌದಲ್ಲ?"

"ಅದ."

"ಬ್ಯಾಂಕಿಗೂ ನೀವ ಕರ್ಕೊಂಡು ಹೋಗ್ತೀರಿ?"

"ಹೌದು."

"ಉಯಿಲು ಯಾರ ಹೆಸರಿಗೆ ಬರಸ್ಯಾಳ, ಗೊತ್ತೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ನನ್ನ ಕಿವಿ ಬಿಸಿಯಾಯಿತು. ಎರಡು ರೈಲು ಹಿಡಿದು ನಾನು ಯಾರನ್ನು ಪರೀಕ್ಷೆ ಮಾಡಲು ಬಂದಿದ್ದೆನೋ, ಅವರು ನನ್ನನ್ನು ಪರೀಕ್ಷೆ ಮಾಡಲೆಂದೇ ಕರೆಸಿದ್ದರು. ಸಿಟ್ಟಿನಲ್ಲಿ ನಾನೂ ಬಾಯಿ ಬಿಟ್ಟೆ. ಮೂವತ್ತು ವರ್ಷ ಬರೀ ಕಾರ್ಡು ಹಾಕಿದವರಿಗೆ ಈಗ ಯಾಕೆ ಇಷ್ಟು ಕಕ್ಕುಲಾತಿ ಎಂದು ಕೇಳಿದೆ.

ಹಿಲ್ಡಾ ಕುರ್ಚಿ ಮುಂದೆ ಎಳೆದುಕೊಂಡರು. "ಆಕಿ ಕಡೀಕ ಉಳದ್ಲು ಅಂತ ನಿಮಗ ಹೇಳ್ಯಾಳ?"

"ಇವತ್ತ ಹೇಳಿದ್ರು."

"ಉಳೀಲಿಲ್ಲ. ನಾ ಉಳಿಸಿದೆ. ಆ ಹಾಲ್‌ನಾಗ ಕಾಲಿಟ್ಟ ಕೂಡ್ಲೆ ನನಗ ಆಕಿನ ಬೇಕಾಗಿದ್ಲು. ಅವ್ವ, ಕೆಲಸಕ್ಕ ಆಗೂ ದೊಡ್ಡ ಹುಡಿಗಿ ನೋಡೋಣ ಅಂದ್ಲು. ಡಾಕ್ಟರ ಹೆಂಡ್ತಿ ಸಣ್ಣ ಹುಡಿಗಿ ಹುಡಕ್ಲಿಕ್ಕತ್ತಿದ್ರು. ಅವರಿಗೆ ಕಾಣಬಾರದು ಅಂತ ಆಕಿ ಮುಂದ ಅಡ್ಡ ನಿಂತೆ. ಎಲ್ಲಾರೂ ಹೋಗೂತನಾ ಅಲುಗಾಡಲಿಲ್ಲ. ಡಾಕ್ಟರ ಮನ್ಯಾಗ ಪಿಯಾನೋ ಇತ್ತು, ತ್ವಾಟ ಇತ್ತು. ನಮ್ಮನ್ಯಾಗ ಬೂಟಿನ ಕಾರ್ಖಾನಿ ಸಂಬಳ. ಹೆಂಗ ಹೇಳ್ಲಿ? ಅದಕ್ಕ ಕಾರ್ಡು ಅಷ್ಟ ಹಾಕಿದೆ. ಈಗ ಆಕಿ ಬಿದ್ಲು ಅಂತ ಓದಿದ ಮ್ಯಾಲೆ ತಡೀಲಿಕ್ಕಾಗಲಿಲ್ಲ."

ನನ್ನ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ. ಈ ಹೆಂಗಸು ಏನೋ ಮುಚ್ಚಿಟ್ಟಿದ್ದಾರೆ ಎಂದುಕೊಂಡಿದ್ದೆ, ಮುಚ್ಚಿಟ್ಟಿದ್ದರು.

"ಆಯಿ ಎದ್ದ ಕೂಡ್ಲೆ ಇದನ್ನ ಹೇಳ್ರಿ. ಇಲ್ಲಾಂದ್ರ ನಾ ಅವರನ್ನ ಇಲ್ಲಿ ಬಿಡೂದಿಲ್ಲ" ಎಂದೆ.

ಚಹಾದ ಹೊತ್ತಿಗೆ ಹಿಲ್ಡಾ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದರು. ಆಯಿ ಕಪ್ಪು ಕೆಳಗಿಟ್ಟರು.

"ನನ್ನ ಮುಂದ ಒಬ್ಬಾಕಿ ನಿಂತಿದ್ಲು. ಬರೀ ಬೆನ್ನು ಕಾಣತಿತ್ತು. ನನ್ನ ಕಾಲ ಮ್ಯಾಲೆ ಕಾಲಿಟ್ಟಿದ್ಲು. ಅದು ನೀನಾ?"

"ನಾನ."

ಆಯಿ ನಗತೊಡಗಿದರು. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಲ್ಡಾ ಅವರ ಕೈ ಹಿಡಿದುಕೊಂಡರು. ಆಮೇಲೆ ಆಯಿ ನನ್ನ ಕಡೆ ತಿರುಗಿ, "ಈ ವಾರ ಇಲ್ಲೇ ಇರ್ತೀನಿ. ನನ್ನ ಬಟ್ಟಿ ಎಲ್ಲಾ ಕಳಿಸು" ಎಂದರು. ವಾರವೆಂದರೆ ವಾರವಲ್ಲ ಎಂದು ಮೂವರಿಗೂ ತಿಳಿಯಿತು.

ನನಗೆ ದುಃಖವಾಯಿತು, ಹೊಟ್ಟೆಕಿಚ್ಚೂ ಆಯಿತು. ಆಯಿಯ ಮನೆಯ ಆಸೆ ನನಗೆಂದೂ ಇರಲಿಲ್ಲ. ಅವರು ಹೋದರೆ ಸಟನ್‌ನಲ್ಲಿ ನಮಗೆ ಹಿರಿಯರೆನ್ನುವವರೇ ಇಲ್ಲ. ಬೆಳಗಿನಿಂದ ಹಿಲ್ಡಾ ಅವರಲ್ಲಿ ಹುಡುಕುತ್ತಿದ್ದ ಸ್ವಾರ್ಥ ನನ್ನ ಹತ್ತಿರವೂ ಬೇಕಾದಷ್ಟಿತ್ತು.

ನಾಲ್ಕಕ್ಕೆ ಟ್ಯಾಕ್ಸಿ ಬಂತು. ಗುಳಿಗೆಯ ಡಬ್ಬಿಯನ್ನು ಹಿಲ್ಡಾ ಅವರ ಕೈಗೆ ಕೊಟ್ಟೆ. ಬೆಳಗಿನದು ತಿಂಡಿಯಾದ ಮೇಲೆಯೇ, ಎಡಗಿವಿ ಕೇಳಿಸುವುದಿಲ್ಲ, ಸ್ನಾನಕ್ಕೆ ಹೋದಾಗ ಬಾಗಿಲ ಚಿಲಕ ಹಾಕಲು ಬಿಡಬೇಡಿ ಎಂದೆಲ್ಲ ಹೇಳಿದೆ. ಅವರು ಒಂದೊಂದನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡರು. ಮುಂದಿನ ಶನಿವಾರ ಫೋನ್ ಮಾಡಿ ಬರುತ್ತೇನೆ ಎಂದೆ.

"ಫೋನ್ ಮಾಡಬ್ಯಾಡ್ರಿ. ಹೇಳದ ಬರ್ರಿ" ಎಂದರು ಹಿಲ್ಡಾ. "ಹೇಳಿ ಬಂದ್ರ ಎಲ್ಲಾರ ಮನಿನೂ ಛಲೋ ಇರತದ. ಯುದ್ಧದಾಗ ಆಕಿನ್ನ ನೋಡಲಿಕ್ಕೆ ನಮ್ಮನಿಗೆ ಹಂಗ ಹೇಳದ ಯಾರೂ ಬರಲಿಲ್ಲ."

ಯಾವತ್ತು ಬರುತ್ತೇನೆಂದು ನಾನು ಹೇಳಲಿಲ್ಲ. ಟ್ಯಾಕ್ಸಿ ಹತ್ತಿದೆ.