ಎಲೆ ಹಿಡಿಸುವ ಗುತ್ತೆಪ್ಪ

ಚಿಕ್ಕೇರೂರಿನ ಪಂಚ ಗುತ್ತೆಪ್ಪನಿಗೆ ಜಗಳ ಮುಗಿಸುವುದು ಗೊತ್ತು, ನ್ಯಾಯ ಗೊತ್ತಿಲ್ಲ. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಸವಣೂರಿನ ವೀಳ್ಯದೆಲೆ ಹಿಡಿಸಿ, "ಆಗಿದ್ದು ಆಗಿ ಹೋತು, ಒಂದಾಗ್ರಿ" ಎಂದು ಎದ್ದುಬಿಡುತ್ತಾನೆ. ಪಕ್ಕದ ಹೊಲದ ಬದು ಒತ್ತಿದವನಿಗೂ ಅದೇ ಎಲೆ, ಕೊಡಲಿ ಬೀಸಿದವನಿಗೂ ಅದೇ. ಮೊನ್ನೆ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ನನಗೆ ಪತ್ರಿಕೆ ಓದಿ ಹೇಳಿದ: ಯುದ್ಧದಲ್ಲಿ ಊರೂರನ್ನೇ ಕೊಂದವರನ್ನು ಕೋರ್ಟಿಗೆ ಒಪ್ಪಿಸದ ದೇಶವನ್ನು ಯುರೋಪಿನ ಒಕ್ಕೂಟ ಸೇರಿಸಿಕೊಳ್ಳುವುದಿಲ್ಲವಂತೆ. "ಸತ್ತವ್ರು ಎದ್ದು ಬರ್ತಾರೇನ್ರಿ ಅಕ್ಕಾರ? ಸೇರಿಸ್ಕೊಂಡ ಬಿಡಬೇಕು!" ಎಂದು ಯುರೋಪಿಗೂ ತೀರ್ಪು ಕೊಟ್ಟ. ತನ್ನ ಮಗಳು ಮಾಲಾಳನ್ನು ಸುಟ್ಟು ಕೊಂದ ಅಳಿಯನನ್ನು, ಮೊಮ್ಮಕ್ಕಳ ನೆಪ ಹೇಳಿ ಮನೆಗೆ ಸೇರಿಸಿಕೊಂಡವನೂ ಇವನೇ. ಹೆಂಡತಿ ಶೇಖವ್ವ ಬಾಗಿಲಿಗೆ ಬಂದು ನಿಂತಳು. "ಒಂಬತ್ತ ವರ್ಸ ಆತು, ಅವಗ ಉಣ್ಣಾಕ ನೀಡಾಕತ್ತೇನಿ. ಒಂದ ದಿನಾರ 'ನಾನ ಸುಟ್ಟೆ' ಅಂದಾನೇನ್ರಿ?"