ಎಲ್ಲ ಅಳತೆಯ ಪೆಟ್ಟಿಗೆಗಳು ಸಿಗುತ್ತವೆ

ಮೀಸೆ ಚಿಗುರಿದಾಗಿನಿಂದ ಮೀಸೆ ನರೆಯುವ ತನಕ ಪೆಟ್ಟಿಗೆ ಮಾವ ಮಾಡಿದ್ದು ಒಂದೇ ಕೆಲಸ. ಅಕ್ಕನ ಕಾರ್ಖಾನೆಯ ರಟ್ಟಿನ ಪೆಟ್ಟಿಗೆಗಳ ಮಾದರಿಯನ್ನು ಚೀಲಕ್ಕೆ ತುಂಬಿಕೊಂಡು ಅಂಗಡಿ, ಗೋದಾಮುಗಳ ಬಾಗಿಲು ತಟ್ಟುವುದು. ಕಾರ್ಖಾನೆ ಅಂದರೆ ಮಹಾ ದೊಡ್ಡದೇನಲ್ಲ. ತಗಡಿನ ಚಾವಣಿಯ ಉದ್ದನೆಯ ಕೋಣೆ, ರಟ್ಟು ಕತ್ತರಿಸುವ ಒಂದು ಯಂತ್ರ, ಮಡಚಿ ಅಂಟಿಸುವ ನಾಲ್ವರು ಹೆಂಗಸರು, ಬಾಗಿಲು ತೆರೆದರೆ ಮೂಗಿಗೆ ಬಡಿಯುವ ಅಂಟಿನ ವಾಸನೆ. ಅಕ್ಕ ಯಜಮಾನಿ, ಅಕ್ಕನ ಸೊಸೆ ಲೆಕ್ಕ ನೋಡುವವಳು, ಇವನು ಊರು ಸುತ್ತುವವನು.

ಸುತ್ತುವುದರಲ್ಲಿ ಅವನಿಗೊಂದು ಕಟ್ಟಳೆ ಇತ್ತು: ಚೀಲ ಹೊಸ್ತಿಲಾಚೆ. ಯಾರ ಹತ್ತಿರ ಹೋದರೂ ಚೀಲವನ್ನು ಬಾಗಿಲ ಹೊರಗೇ ಇಟ್ಟು ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದ. ಕೂರು ಅಂದರೆ ಕೂರುತ್ತಿದ್ದ, ಅನ್ನದಿದ್ದರೆ ನಿಂತೇ ನಾಲ್ಕು ಮಾತಾಡುತ್ತಿದ್ದ. "ಅದೇನ್ರೀ ಹೊರಗಿಟ್ಟಿದ್ದೀರಲ್ಲ?" ಎಂದು ಅವರೇ ಕೇಳುವ ತನಕ ಪೆಟ್ಟಿಗೆಯ ಸುದ್ದಿ ಎತ್ತುತ್ತಿರಲಿಲ್ಲ. ಕೇಳದಿದ್ದರೆ ಇನ್ನೊಮ್ಮೆ ಬಂದರಾಯಿತು. "ಚೀಲ ಕಂಡ್ರೆ ಮನುಷ್ಯನ ಮುಖ ಅಂಗಡಿ ಷಟರ್ ಥರ ಇಳಿದುಬಿಡುತ್ತೆ" ಎನ್ನುತ್ತಿದ್ದ.

ಆಮೇಲೆ ಒಂದು ದಿನ ಕಾಲಿನ ಮಂಡಿ ಕೈಕೊಟ್ಟಿತು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರು. ಮನೆಯಲ್ಲಿ ಕೂತು ಗೊಣಗುವ ಮಾವನನ್ನು ನೋಡಲಾರದೆ ಸೊಸೆ ಅವನ ಫೋನಿನಲ್ಲಿ ವ್ಯಾಪಾರದವರೆಲ್ಲ ಪರಿಚಯ ಮಾಡಿಕೊಳ್ಳುವ ತಾಣವೊಂದಕ್ಕೆ ಅವನನ್ನು ಸೇರಿಸಿದಳು.

"ನೋಡಿ ಮಾವ, ಕೂತಲ್ಲಿಂದಾನೇ ಸಾವಿರ ಬಾಗಿಲು ತಟ್ಟಬಹುದು."

ಸಾವಿರ ಬಾಗಿಲು ಎಂದದ್ದೇ ತಪ್ಪಾಯಿತು. ಮಾವನ ತಲೆಗೆ ಗಾಳಿ ಹೊಕ್ಕಿತು. ಎರಡು ದಿನ ಕೂತು ಒಂದು ಒಕ್ಕಣೆ ಹೊಸೆದ: "ನಮಸ್ಕಾರ. ನಮ್ಮಲ್ಲಿ ಎಲ್ಲ ಅಳತೆಯ ಪೆಟ್ಟಿಗೆಗಳು ಸಿಗುತ್ತವೆ. ತೂಕ ಎಷ್ಟಿದ್ದರೂ ತಳ ಬಿಡುವುದಿಲ್ಲ. ಮನೆಬಾಗಿಲಿಗೇ ತಲುಪಿಸುತ್ತೇವೆ. ಒಮ್ಮೆ ನಮ್ಮಲ್ಲಿ ಕೊಂಡವರು ಮತ್ತೆ ಬೇರೆ ಕಡೆ ಹೋದದ್ದಿಲ್ಲ." ಇದನ್ನೇ ನಕಲು ಮಾಡಿ ಕಂಡಕಂಡವರಿಗೆ ಕಳಿಸತೊಡಗಿದ. ಉತ್ತರ ಕೊಡದವರಿಗೆ ಮತ್ತೆ ಕಳಿಸಿದ. ಹಲ್ಲಿನ ಡಾಕ್ಟರಿಗೂ ಹೋಯಿತು, ಈಜು ಕಲಿಸುವವನಿಗೂ ಹೋಯಿತು. ಎಲ್ಲಿ ಜನ ಹೆಚ್ಚು ಸೇರಿ ಮಾತಾಡುತ್ತಿದ್ದರೋ ಅಲ್ಲಿ ನುಗ್ಗಿ, ಮೇಲೆ ಏನು ಬರೆದಿದೆ ಎಂದು ನೋಡದೆ, ಕೆಳಗೆ ಅಂಟಿಸಿ ಬರುತ್ತಿದ್ದ. ಕನ್ನಡಕ ಹಣೆಯ ಮೇಲೆ, ಹೆಬ್ಬೆರಳು ಗಾಳಿಯ ಮೇಲೆ.

ಹಾಗೆ ಅಂಟಿಸಿದ ಒಂದು ಜಾಗ ಬೇಕರಿಯಮ್ಮನದು.

ಬೇಕರಿಯಮ್ಮ ಅವರ ಹಳೆಯ ಗಿರಾಕಿ. ಕಾರ್ಖಾನೆಯ ಅರ್ಧ ಕೆಲಸ ಅವರ ಬಿಸ್ಕತ್ತಿನ ಪೆಟ್ಟಿಗೆಗಳದೇ. ಆಕೆ ಆ ದಿನ ಬೇಕರಿಯ ಮುಂದೆ ಜನ ನಿಂತಿರುವ ಒಂದು ಫೋಟೊ ಹಾಕಿ, ತಮ್ಮ ತಂದೆ ತೀರಿಕೊಂಡರೆಂದು ಬರೆದಿದ್ದರು. ಕೆಳಗೆ ನೂರಾರು ಜನರ ಸಂತಾಪ. ಅದರ ನಡುವೆ: ಎಲ್ಲ ಅಳತೆಯ ಪೆಟ್ಟಿಗೆಗಳು ಸಿಗುತ್ತವೆ. ತೂಕ ಎಷ್ಟಿದ್ದರೂ ತಳ ಬಿಡುವುದಿಲ್ಲ.

ಮಧ್ಯಾಹ್ನದೊಳಗೆ ಅದು ಊರಿಗೆಲ್ಲ ನಗೆಪಾಟಲಾಯಿತು. "ಒಮ್ಮೆ ಕೊಂಡವರು ಮತ್ತೆ ಬೇರೆ ಕಡೆ ಹೋಗಲ್ವಂತೆ, ಹೇಗ್ರೀ ಹೋಗ್ತಾರೆ?" ಎಂದು ಯಾರೋ ಬರೆದರು. ಬೇಕರಿಯಮ್ಮ ಅಕ್ಕನಿಗೆ ಫೋನು ಮಾಡಿ, "ಇನ್ನು ನಿಮ್ಮ ಪೆಟ್ಟಿಗೆ ಬೇಡ" ಎಂದಷ್ಟೇ ಹೇಳಿ ಇಟ್ಟರು. ತಾಣದಲ್ಲಿ ಮಾವನನ್ನು ಬ್ಲಾಕ್ ಮಾಡಿದರು.

"ಲೋ!" ಕಾರ್ಖಾನೆಯಲ್ಲಿ ಫೋನು ಹಿಡಿದು ಕೂತಿದ್ದ ಮಾವನ ಮುಂದೆ ಅಕ್ಕ ಕತ್ತರಿ ಹಿಡಿದುಕೊಂಡೇ ಬಂದಳು. "ಸತ್ತೋರ ಮನೇಲಿ ಪೆಟ್ಟಿಗೆ ಮಾರೋಕೆ ಹೋದ ಮೊದಲ ಗಂಡಸು ನೀನೇ ಕಣೋ! ಆ ಕೆಲಸ ನಿಂತ್ರೆ ಇವರಲ್ಲಿ ಇಬ್ಬರನ್ನ ಮನೆಗೆ ಕಳಿಸಬೇಕು. ಯಾರನ್ನ ಕಳಿಸಲಿ, ನೀನೇ ಹೇಳು."

ಅಂಟು ಹಚ್ಚುತ್ತಿದ್ದ ಹಿರಿಯಳು ತಲೆ ಎತ್ತದೆ, "ನನ್ನ ಅಳತೆ ಮೊದಲು ತಗೊಂಡುಬಿಡಿ ಅಣ್ಣಾ" ಎಂದಳು. ಉಳಿದವರು ನಗಲಿಲ್ಲ.

ಮಾವ ಮೂಲೆಯಲ್ಲಿ ಕೂತು ಕ್ಷಮಾಪಣೆ ಬರೆದು ಸೊಸೆಗೆ ತೋರಿಸಿದ: "ದಯವಿಟ್ಟು ಕ್ಷಮಿಸಿ. ತಪ್ಪಾಯಿತು. ನಿಮ್ಮ ಮುಂದಿನ ಆರ್ಡರಿಗೆ ವಿಶೇಷ ರಿಯಾಯಿತಿ ಇದೆ."

"ಮಾವ, ಇದು ಕ್ಷಮೆಯಾ, ಸೇಲಾ?"

"ರಿಯಾಯಿತಿ ಕೊಟ್ರೆ ತಪ್ಪೇನೇ?" ಮಾವ ರೇಗಿದ. "ನೀನೇ ತಾನೆ ಇದಕ್ಕೆ ಸೇರಿಸಿದ್ದು!"

"ಸೇರಿಸಿದ್ದು ನಾನೇ. ಆದ್ರೆ ಅವರು ಬರೆದಿದ್ದನ್ನ ಇನ್ನೂ ಓದಿಲ್ಲ ನೀವು. ಓದಿ ಮೊದಲು." ಸೊಸೆ ತನ್ನ ಫೋನನ್ನು ಅವನ ಕೈಗಿಟ್ಟು ಎದ್ದು ಹೋದಳು.

ಮಾವ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ. ಫೋಟೊದಲ್ಲಿ ಜನರ ನಡುವೆ ಕುರ್ಚಿಯ ಮೇಲೆ ಕೂತಿದ್ದವರು ಬೇಕರಿಯ ಮುದುಕಪ್ಪ. ಬೇಕರಿಯಮ್ಮನ ತಂದೆ ಎಂದರೆ ಇವರೇ ಅಲ್ಲವೇ! ಹೋದಾಗಲೆಲ್ಲ ಪೆಟ್ಟಿಗೆಯ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಮೂಲೆ ಗಟ್ಟಿ ಇದ್ರೆ ಪೆಟ್ಟಿಗೇನೂ ನಿಲ್ಲುತ್ತೆ, ಮನುಷ್ಯನೂ ನಿಲ್ತಾನೆ" ಎನ್ನುತ್ತಿದ್ದವರು. ಒಡೆದ ಬಿಸ್ಕತ್ತುಗಳನ್ನು ಕಾಗದದಲ್ಲಿ ಕಟ್ಟಿ, "ದಾರಿಗೆ" ಎಂದು ಜೇಬಿಗೆ ತುರುಕುತ್ತಿದ್ದವರು. ಅವರು ಹೋದದ್ದು ಊರಿಗೆಲ್ಲ ಗೊತ್ತಿತ್ತು. ಆ ಸುದ್ದಿಯ ಮೇಲೇ ಬೆರಳಿಟ್ಟು ದಾಟಿಹೋದವನಿಗೆ ಮಾತ್ರ ಗೊತ್ತಿರಲಿಲ್ಲ.

ಕೆಳಗಿನ ಸಂತಾಪಗಳನ್ನು ಒಂದೊಂದಾಗಿ ಓದಿದ. ಸಾವಿರ ಬಾಗಿಲು ಅಂದಳಲ್ಲ ಸೊಸೆ, ಇವು ಬಾಗಿಲುಗಳೇ ಹೌದು, ಒಳಗೆ ಮನುಷ್ಯರಿದ್ದಾರೆ. ತಾನು ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡೇ ಪ್ರತಿ ಮನೆಯ ಒಳಕೋಣೆ ತನಕ ನುಗ್ಗಿದ್ದೇನೆ.

ಮರುದಿನ ಬೆಳಿಗ್ಗೆ ಮಂಡಿಗೆ ಪಟ್ಟಿ ಬಿಗಿದುಕೊಂಡು ಹೊರಟ. ಚೀಲವನ್ನು ರೂಢಿಯಂತೆ ಹೆಗಲಿಗೇರಿಸಿದವನು ಹಾಗೇ ಇಳಿಸಿ, ಕಾರ್ಖಾನೆಯ ಗೋಡೆಯ ಮೊಳೆಗೆ ತೂಗುಹಾಕಿದ.

"ಚೀಲ ಬಿಟ್ಟು ಹೋಗ್ತಿದ್ದೀಯಲ್ಲೋ?" ಅಕ್ಕ ಕೇಳಿದಳು.

"ಇವತ್ತು ಹೊಸ್ತಿಲಾಚೆಗೂ ಬೇಡ ಅಕ್ಕ."

ಬೇಕರಿಯಲ್ಲಿ ಬೆಳಗಿನ ಬ್ರೆಡ್ಡು ಒಲೆಯಿಂದ ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರನ್ನೂ ಮಾತಾಡಿಸಬಾರದೆಂದು ಬಲ್ಲ ಮಾವ ಬಾಗಿಲ ಪಕ್ಕ ನಿಂತ. ಕೊನೆಯ ತಟ್ಟೆ ಇಳಿದ ಮೇಲೆ ಬೇಕರಿಯಮ್ಮ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಇವನನ್ನು ನೋಡಿದರು.

"ಯಾಕೆ ಬಂದ್ರಿ? ಅಳತೆ ತಗೊಳ್ಳೋಕಾ?"

ಒಲೆಯ ಬಳಿ ಇದ್ದವರು ಕಿಸಕ್ಕೆಂದರು. ಬೇರೆ ದಿನವಾಗಿದ್ದರೆ ಮಾವ ತಿರುಗಿ ಒಂದು ಕೊಡುತ್ತಿದ್ದ. ಇವತ್ತು ಕೈ ಜೋಡಿಸಿದ.

"ಓದದೇ ಬರೆದೆ ಅಮ್ಮ. ತಪ್ಪು ನಂದೇ. ಅಪ್ಪಾಜಿ ಹೋಗಿದ್ದು ನಿನ್ನೆ ತನಕ ನನಗೆ ಗೊತ್ತೇ ಇರಲಿಲ್ಲ." ಮಂಡಿಯ ಪಟ್ಟಿ ಮುಟ್ಟಿಕೊಂಡ. "ಕಳೆದ ಸಲ ಬಂದಾಗ, 'ನಿನ್ನ ಮಂಡಿ ನಮ್ಮ ಹಳೇ ಬಾಗಿಲ ಥರ ಕಿರುಗುಡುತ್ತೆ, ಒಂದು ತೊಟ್ಟು ಎಣ್ಣೆ ಬಿಡ್ಲಾ' ಅಂದಿದ್ರು. ನಾನು ಸಿಟ್ಟು ಮಾಡ್ಕೊಂಡು ಹೋದೆ. ಅದೇ ಕೊನೆ ಮಾತಾಯ್ತು."

ಬೇಕರಿಯಮ್ಮ ಮುಖ ಆ ಕಡೆ ತಿರುಗಿಸಿದರು. ಭುಜ ಅಲುಗಿದ್ದು ಅಳುವಿಗೋ ನಗುವಿಗೋ ಮಾವನಿಗೆ ತಿಳಿಯಲಿಲ್ಲ.

"ಹೌದು, ಹಾಗೇ ಮಾತಾಡ್ತಿದ್ರು" ಎಂದರು. "ನೀವು ಬರೆದಿದ್ದನ್ನ ಓದಿದ್ರೆ ಅಪ್ಪನೇ ಎಲ್ಲರಿಗಿಂತ ಜೋರಾಗಿ ನಗ್ತಿದ್ರು. ನನಗೆ ಮಾತ್ರ ಇನ್ನೂ ನಗು ಬರ್ತಿಲ್ಲ."

"ಬರೋದೂ ಬೇಡ ಅಮ್ಮ."

"ಚೀಲ ಎಲ್ಲಿ?"

"ತಂದಿಲ್ಲ."

ಪೆಟ್ಟಿಗೆಯ ಮಾತು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಕಾಗದದ ಒಂದು ಪೊಟ್ಟಣ ಅವನ ಕೈಗೆ ಬಂತು. ಒಡೆದ ಬಿಸ್ಕತ್ತು, ಇನ್ನೂ ಬಿಸಿ.

ಮನೆಗೆ ಬಂದವನೇ ಆ ಒಕ್ಕಣೆಯನ್ನು ಎಲ್ಲೆಲ್ಲಿ ಅಂಟಿಸಿದ್ದನೋ ಅಲ್ಲಲ್ಲಿಂದ ಕಿತ್ತ. ಹಲ್ಲಿನ ಡಾಕ್ಟರಿಗೂ ಈಜಿನವನಿಗೂ ಒಂದೊಂದು ಸಾಲು ಬರೆದು ಕ್ಷಮೆ ಕೇಳಿದ. ಅಲ್ಲಿಂದ ಮುಂದೆ ದಿನಕ್ಕೆ ಒಂದೋ ಎರಡೋ ಬಾಗಿಲು, ಅಷ್ಟೇ. ಮೊದಲು ಅವರು ಬರೆದದ್ದನ್ನು ಓದುವುದು. ಪರಿಚಯ ಬೇಕಾದರೆ ತಾನು ಯಾರು, ಯಾಕೆ ಬಂದೆ ಎಂದು ಹೇಳಿ ಅವರ ಹೆಸರು ಹಿಡಿದು ಕೇಳುವುದು. ಉತ್ತರ ಬಾರದಿದ್ದರೆ ಸುಮ್ಮನಿರುವುದು. ಮರದ ಆಟಿಕೆ ಮಾಡುವವನೊಬ್ಬ ತನ್ನ ಕುದುರೆಗಳ ಕಾಲು ಸಾಗಣೆಯಲ್ಲಿ ಮುರಿದವೆಂದು ಗೋಳಾಡಿದ್ದ. ಕುದುರೆಯನ್ನು ಮಲಗಿಸಿ, ಕಾಲುಗಳ ನಡುವೆ ಚೂರು ಕಾಗದ ತುಂಬಿ ಎಂದು ಮಾವ ಬರೆದ. ಪೆಟ್ಟಿಗೆಯ ಹೆಸರೆತ್ತಲಿಲ್ಲ. ಒಂದು ವಾರದ ಮೇಲೆ ಅವನೇ ಕೇಳಿದ, "ಕಾಲು ಮುರೀಲಿಲ್ಲ ಯಜಮಾನ್ರೇ! ಅಂದಹಾಗೆ, ನೀವು ಏನು ಕೆಲಸ ಮಾಡ್ತೀರಿ?"

"ಕೇಳಿದ! ಅವನೇ ಕೇಳಿದ!" ಎಂದು ಮಾವ ಕೂಗಿದ್ದಕ್ಕೆ ಅಂಟಿನ ಡಬ್ಬಿ ಉರುಳಿತು. ಆದರೆ ಕುದುರೆಗಳ ಕೆಲಸ ಒಬ್ಬಳ ಕೈಗೂ ಸಾಲದು. ಅಕ್ಕ ಇಬ್ಬರನ್ನು ತಿಂಗಳ ಕೊನೆಯ ತನಕ ಇಟ್ಟುಕೊಂಡು ನೋಡುತ್ತೇನೆ ಎಂದಿದ್ದಳು, ತಿಂಗಳು ಮುಗಿಯುತ್ತ ಬಂದಿತ್ತು.

ಅಂಥ ಒಂದು ಬೆಳಿಗ್ಗೆ ಫೋನು ಟಿಣ್ ಎಂದಿತು. ಬೇಕರಿಯಮ್ಮ ಬ್ಲಾಕ್ ತೆಗೆದು ಪರಿಚಯದ ಕೋರಿಕೆ ಕಳಿಸಿದ್ದರು. ಜೊತೆಗೆ ಒಂದೇ ಸಾಲು.

ಮಾವ ಕನ್ನಡಕ ಇಳಿಸಿ ಎರಡು ಸಲ ಓದಿದ. ಫೋನನ್ನು ಅಕ್ಕನ ಕೈಗೆ ಕೊಟ್ಟು, ಕುಂಟುತ್ತ ಹೋಗಿ ಮೊಳೆಯಿಂದ ಚೀಲ ತೆಗೆದ. ಅಕ್ಕ ಗಟ್ಟಿಯಾಗಿ ಓದಿದಳು, ನಾಲ್ವರಿಗೂ ಕೇಳಲಿ ಎಂದು:

"ಚೀಲ ಒಳಗೆ ತನ್ನಿ."